ಅಪ್ಪನ ಬದಿಯ ಗಾಜು

ಈಗಿನ ಕಾರುಗಳಲ್ಲಿ ಗಾಜು ಏರಿಸಲು ಒಂದು ಗುಂಡಿ ಒತ್ತಿದರೆ ಸಾಕು. ಆದರೂ ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಟಾಗ ಎದುರಿಗೆ ಅದಿರಿನ ಲಾರಿ ಕಂಡರೆ ನನ್ನ ಕೈ ಬಾಗಿಲ ಮೇಲೆ ಹಿಡಿಕೆ ಹುಡುಕುತ್ತದೆ. ಹಿಡಿಕೆ ಇರುವುದಿಲ್ಲ. ಎಸಿ ಹಾಕಿಕೊಂಡು ಗಾಜು ಮೊದಲೇ ಮುಚ್ಚಿರುತ್ತೇವೆ. ಕೈ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಸುಮ್ಮನೆ ಮಡಿಲಿಗೆ ವಾಪಸು ಬರುತ್ತದೆ. ನನ್ನ ಮಗಳು ನೋಡಿ ನಗುತ್ತಾಳೆ. ನಗಲಿ ಪಾಪ. ಅವಳ ಪಾಲಿಗೆ ಧೂಳು ಎಂದರೆ ಟಿವಿಯ ಮೇಲೆ ಕೂರುವಂಥದ್ದು, ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದು.

ನಮ್ಮ ಮನೆಯ ಕಾರಿನಲ್ಲಿ "ಗಾಜು!" ಎನ್ನುವುದು ಒಂದು ಆಜ್ಞೆಯಾಗಿತ್ತು. ದೂರದಲ್ಲಿ ಲಾರಿ ಕಂಡ ಕೂಡಲೇ ಅವ್ವ ಕೂಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಒಂದೊಂದು ಕಿಟಕಿ ಹಿಡಿದು ಕೂತಿದ್ದ ನಾನು ಮತ್ತು ನನ್ನ ತಮ್ಮ ಹಿಡಿಕೆ ತಿರುಗಿಸುವುದಕ್ಕೆ ಮುಗಿಬೀಳುತ್ತಿದ್ದೆವು. ಯಾರ ಗಾಜು ಮೊದಲು ಏರುತ್ತದೋ ಅವರು ಗೆದ್ದಂತೆ. ಮುಂದಿನ ಎಡಗಡೆಯದನ್ನು ಅವ್ವ ಏರಿಸುತ್ತಿದ್ದಳು. ಆಮೇಲೆ ಲಾರಿ ದಾಟಿ, ಅದರ ಬೆನ್ನಿಗೆ ಬಂದ ಕೆಂಪು ಮೋಡ ಹಿಂದಕ್ಕೆ ಹೋಗುವವರೆಗೂ ಎಲ್ಲರೂ ಉಸಿರು ಬಿಗಿಹಿಡಿದು ಕೂರಬೇಕು. ಒಳಗೆ ಸೆಕೆ, ಪೆಟ್ರೋಲಿನ ವಾಸನೆ, ತಮ್ಮನ ಕಿಸಕಿಸ ನಗು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಜಾಗ ಇನ್ನೊಂದಿರಲಿಲ್ಲ.

ಆ ಕಾರಿನಲ್ಲಿ ನಾಲ್ಕು ಗಾಜುಗಳಿದ್ದವು. ಮೂರು ಏರುತ್ತಿದ್ದವು. ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದ ಅಪ್ಪನ ಬದಿಯದು ಮಾತ್ರ ಏರುತ್ತಿರಲಿಲ್ಲ.

ಅಪ್ಪ ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ಸೂಪರ್‌ವೈಜರ್ ಆಗಿದ್ದ. ಬೆಳಗಿನ ಹಾಜರಿ ಕೂಗುವುದು, ಬ್ಲಾಸ್ಟಿಂಗ್ ಮುಗಿದ ಮೇಲೆ ಅದಿರು ಒಡೆಸುವುದು, ಲಾರಿ ತುಂಬಿಸಿ ಕಳಿಸುವುದು ಅವನ ಕೆಲಸ. ಹೊಸಪೇಟೆಯ ಮನೆಯಿಂದ ದಿನಾ ಹೋಗಿ ಬರುತ್ತಿದ್ದ. ಮೊದಲಿಗೆ ಇದ್ದದ್ದು ಕಾರಲ್ಲ, ಜೀಪು. ಗಣಿಯವರು ಸಾಕಾಯಿತೆಂದು ಮಾರಿದ್ದ ಹಳೆಯ ಗಾಡಿ. ಮೇಲೆ ಕ್ಯಾನ್ವಾಸಿನ ಹೊದಿಕೆ, ಪಕ್ಕಕ್ಕೆ ಏನೂ ಇಲ್ಲ. ಕಂಪ್ಲಿಯ ಹತ್ತಿರದ ಎಮ್ಮಿಗನೂರು ಅವ್ವನ ತವರು. ಹಬ್ಬಕ್ಕೆ ಅಲ್ಲಿಗೆ ಹೊರಟರೆ ದಾರಿಯುದ್ದಕ್ಕೂ ಅವ್ವ ನಮ್ಮಿಬ್ಬರ ತಲೆಯನ್ನೂ ತನ್ನ ಸೆರಗಿನೊಳಗೆ ಸೇರಿಸಿಕೊಂಡು ಕೂರುತ್ತಿದ್ದಳು. ಜೀಪು ಕೆಲವು ಸಲ ನಡುದಾರಿಯಲ್ಲಿ ಮುನಿಸಿಕೊಂಡು ನಿಲ್ಲುತ್ತಿತ್ತು. ಆಗ ಅಪ್ಪ ಇಳಿದು ಬಾನೆಟ್ಟಿಗೆ ಒಂದು ಏಟು ಕೊಟ್ಟು, "ನಡೀಲೇ, ಮಾವನ ಮನಿಗೆ ಹೊಂಟೀನಿ, ಮಾನ ಕಳೀಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಬಂದು ತಳ್ಳುತ್ತಿದ್ದರು. ಅಳಿಯದೇವರ ಗಾಡಿಯನ್ನು ಹೆಂಗಸರು ತಳ್ಳಿಕೊಂಡು ಬಂದರೆಂದು ಊರೆಲ್ಲ ಸುದ್ದಿಯಾಗುತ್ತಿತ್ತು.

ಹೀಗೆ ಮಾನ ಕಳೆದುಕೊಂಡದ್ದು ಸಾಕಾಗಿ ಅಪ್ಪ ಅಂಬಾಸಿಡರ್ ತಂದ. ಕೆನೆಬಣ್ಣದ್ದು, ಅದೂ ಹಳೆಯದೇ. ಡ್ರೈವರ್ ಬದಿಯ ಗಾಜು ಹಿಂದಿನ ಮಾಲೀಕನ ಕಾಲಕ್ಕೇ ಕೆಟ್ಟಿತ್ತು. ಹಿಡಿಕೆ ತಿರುಗುತ್ತಿತ್ತು, ಗಾಜು ಅಲುಗುತ್ತಿರಲಿಲ್ಲ. ಅರ್ಧಕ್ಕೆ ನಿಂತ ಗಾಜು ಪೂರ್ತಿ ಕೆಳಗೆ ಜಾರದಂತೆ ಅಪ್ಪ ಒಂದು ಕಟ್ಟಿಗೆ ಚಕ್ಕೆ ಸಿಗಿಸಿದ್ದ. "ರಿಪೇರಿ ಮಾಡಸ್ರಿ" ಎಂದು ಅವ್ವ ಹೇಳಿದಾಗಲೆಲ್ಲ, "ಮೊಣಕೈ ಇಡಾಕ ಜಾಗ ಬೇಕಲ್ಲೇ" ಎನ್ನುತ್ತಿದ್ದ. ನಿಜಕ್ಕೂ ಹಾಗೇ ಓಡಿಸುತ್ತಿದ್ದ. ಬಲಗೈ ಹೊರಗೆ, ಎಡಗೈ ಸ್ಟೀರಿಂಗಿನ ಮೇಲೆ. ಇಂಡಿಕೇಟರಿನ ಕೆಲಸವೂ ಆ ಬಲಗೈಯದೇ. ಅಂಗಿ ಬಿಚ್ಚಿ ನಿಂತರೆ ಅಪ್ಪನ ಎರಡು ಕೈ ಎರಡು ಬಣ್ಣ. ತಮ್ಮ ಅದನ್ನು ನೋಡಿ, "ಅಪ್ಪಾ, ಒಂದು ಕೈ ನಿಂದು, ಇನ್ನೊಂದು ಯಾರ್ದು?" ಎಂದು ಕೇಳಿದ್ದ. ಅಪ್ಪ ಬಿದ್ದು ಬಿದ್ದು ನಕ್ಕಿದ್ದ.

ನಮ್ಮ ಭಾನುವಾರಗಳೆಲ್ಲ ಹಂಪಿಯಲ್ಲೇ ಕಳೆದವು. ಯಾವುದಾದರೂ ಹುಣಸೆ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಅವ್ವ ಬುತ್ತಿ ಬಿಚ್ಚುತ್ತಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಉಂಡಮೇಲೆ ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿ ಕಾಲು ಹೊರಗೆ ಚಾಚಿ ಗೊರಕೆ ಹೊಡೆಯುತ್ತಿದ್ದ. ಜಗತ್ತಿನ ಜನ ಕಲ್ಲಿನ ಗುಡಿ ನೋಡಲು ಬಂದರೆ ನಾವು ನಿದ್ದೆ ಮಾಡಲು ಹೋಗುತ್ತಿದ್ದೆವು. ಒಮ್ಮೆ ಒಬ್ಬ ವಿದೇಶಿ ಪ್ರವಾಸಿ ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಇಂಥ ಕೆಂಪು ಬಣ್ಣದ ಗಾಡಿ ಎಲ್ಲೂ ನೋಡಿಲ್ಲ ಎಂಬರ್ಥದಲ್ಲಿ ಕೈಸನ್ನೆ ಮಾಡಿ ಹೊಗಳಿದ. ಅಪ್ಪ ಎದ್ದು ಬಂದು, ಬಾನೆಟ್ಟಿನ ಮೇಲೆ ಹೆಬ್ಬೆರಳಿನಿಂದ ಒಂದು ಗೆರೆ ಎಳೆದ. ಕೆಂಪಿನ ಕೆಳಗೆ ಕೆನೆಬಣ್ಣ ಕಾಣಿಸಿತು. ಕೆಂಪಾದ ಹೆಬ್ಬೆರಳನ್ನು ಅವನ ಮುಂದೆ ಹಿಡಿದು, "ಸಂಡೂರು! ಐರನ್!" ಎಂದು ಹೆಮ್ಮೆಯಿಂದ ಹೇಳಿದ. ತನ್ನ ಹೊಲದ ಜೋಳ ತೋರಿಸುವ ರೈತನ ಹೆಮ್ಮೆ ಅದು.

ಆ ಹೆಮ್ಮೆಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಮ್ಮನ್ನು ಕೆಡಿಸಿದ್ದು ಅದೇ. ಒಂದು ಕಾಲಕ್ಕೆ ನಮ್ಮ ಕಡೆ ಅದಿರಿಗೆ ಎಲ್ಲಿಲ್ಲದ ಬೆಲೆ ಬಂತು. ಹಗಲು ರಾತ್ರಿ ಲಾರಿಗಳು. ರಸ್ತೆಯ ಪಕ್ಕದ ಬೇವಿನ ಮರಗಳು ಕೆಂಪು, ಎಮ್ಮೆಗಳು ಕೆಂಪು, ಒಣಹಾಕಿದ ಪಂಚೆಗಳು ಕೆಂಪು. ಜನ ಬೈದುಕೊಳ್ಳಬೇಕಿತ್ತು. ಬೈಯಲಿಲ್ಲ. ಧೂಳು ಎಂದರೆ ಲಕ್ಷ್ಮಿ ಎಂದರು. ಶುಕ್ರವಾರ ಮನೆಯ ಕಸ ಹೊರಗೆ ಹಾಕಬಾರದು ಎಂಬ ರೂಢಿ ಎಲ್ಲರ ಮನೆಯಲ್ಲೂ ಉಂಟಷ್ಟೆ. ಅಪ್ಪ ಅದನ್ನು ಕಾರಿಗೂ ತಂದ. ಮಂಗಳವಾರ, ಶುಕ್ರವಾರ ಕಾರು ಒರೆಸುವಂತಿಲ್ಲ. ಉಳಿದ ದಿನ ಮೇಲೆ ಮೇಲೆ ಒರೆಸಬಹುದು, ಆದರೆ ಒಳಗೆ, ಕಾಲಿನ ಕೆಳಗಿನ ರಬ್ಬರ್ ಹಾಸನ್ನು ಎತ್ತಿ ಜಾಡಿಸುವಂತಿಲ್ಲ. ಅದರಡಿಯಲ್ಲಿ ಬೆರಳು ಮುಳುಗುವಷ್ಟು ಕೆಂಪು ಹುಡಿ ಕೂತಿತ್ತು. ಆಯುಧ ಪೂಜೆಯ ದಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಕಡೆಗೆ ಅಪ್ಪ ಬಾನೆಟ್ಟಿನ ಮೇಲಿಂದ ಒಂದು ಚಿಟಿಕೆ ಧೂಳು ತೆಗೆದು ನಮ್ಮೆಲ್ಲರ ಹಣೆಗೆ ಕುಂಕುಮದಂತೆ ಹಚ್ಚುತ್ತಿದ್ದ. ಮೊದಲು ಅವ್ವನಿಗೆ, ಆಮೇಲೆ ನಮಗೆ, ಕೊನೆಗೆ ತನಗೆ. ಅವ್ವ ಕಣ್ಣು ಮುಚ್ಚಿ ಕೈಮುಗಿದು ಹಚ್ಚಿಸಿಕೊಳ್ಳುತ್ತಿದ್ದಳು.

"ಕೈ ಕೆಸರಾದ್ರ ಬಾಯಿ ಮೊಸರು" ಎನ್ನುವುದು ಅಪ್ಪನ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು. ಮೊಸರು ಸಿಕ್ಕಿತು, ಇಲ್ಲ ಎನ್ನಲಾರೆ. ಮನೆಯ ಮೇಲೆ ಒಂದು ಕೋಣೆ ಎದ್ದಿತು, ನಾನು ಕಾಲೇಜಿಗೆ ಹೋದೆ. ಕೈಯ ಬಗ್ಗೆ, ಬಾಯಿಯ ಬಗ್ಗೆ ಎಲ್ಲರೂ ಮಾತಾಡಿದರು. ಎದೆಯ ಬಗ್ಗೆ ಗಾದೆಯೂ ಇರಲಿಲ್ಲ, ಕೇಳಿದವರೂ ಇರಲಿಲ್ಲ.

ಎದೆಗೆ ಬೆಲ್ಲವೊಂದಿತ್ತು. ಧೂಳಿನಲ್ಲಿ ಕೆಲಸ ಮಾಡಿ ಬಂದವರು ಒಂದು ಉಂಡೆ ಬೆಲ್ಲ ತಿಂದರೆ ಒಳಗೆ ಹೋದ ಧೂಳೆಲ್ಲ ಹೊಟ್ಟೆಗೆ ಇಳಿದು ಹೊರಗೆ ಹೋಗುತ್ತದೆ ಎಂದು ಗಣಿಯವರೆಲ್ಲ ನಂಬಿದ್ದರು. ಎಮ್ಮಿಗನೂರಿನ ನಮ್ಮ ಸೋದರಮಾವ ಪ್ರತಿ ವರ್ಷ ಅಪ್ಪನಿಗಾಗಿಯೇ ಬೆಲ್ಲದ ಪೆಂಟೆ ಕಳಿಸುತ್ತಿದ್ದ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕಾಗದದಲ್ಲಿ ಸುತ್ತಿಟ್ಟ ಒಂದು ಹೆಂಟೆ ಬೆಲ್ಲ ಯಾವಾಗಲೂ ಇರುತ್ತಿತ್ತು. ಬಿಸಿಲಿಗೆ ಅದು ಕರಗಿ, ಕಾಗದಕ್ಕೆ ಅಂಟಿ, ಕಾರೆಲ್ಲ ಸಿಹಿ ವಾಸನೆ. ಸಂಜೆ ಕಾರು ಮನೆಯ ಮುಂದೆ ನಿಂತ ಕೂಡಲೇ ನಾವು ಓಡಿಹೋಗಿ ಆ ಖಾನೆ ತೆಗೆಯುತ್ತಿದ್ದೆವು. ಅಪ್ಪ ತಾನೊಂದು ಚೂರು ಬಾಯಿಗೆ ಹಾಕಿಕೊಂಡು ನಮಗೊಂದು ಚೂರು ಕೊಡುತ್ತಿದ್ದ. ಇವತ್ತಿಗೂ ಬೆಲ್ಲದ ವಾಸನೆ ಬಂದರೆ ನನಗೆ ಹಬ್ಬ ನೆನಪಾಗುವುದಿಲ್ಲ. ಅಂಬಾಸಿಡರ್ ನೆನಪಾಗುತ್ತದೆ.

ಅವ್ವನಿಗೆ ಕಾರು ಕಲಿಸಿದವನೂ ಅಪ್ಪನೇ. "ನಾ ಇಲ್ದಾಗ ಗಾಡಿ ಮನಿ ಮುಂದ ನಿಂತ್ರ ಏನ್ ಬಂತು? ನೀ ಕಲಿ" ಎಂದ. ಕಮಲಾಪುರದ ಕೆರೆಯ ಆಚೆ ಜನರಿಲ್ಲದ ರಸ್ತೆಯಲ್ಲಿ ಭಾನುವಾರ ಪಾಠ. ಅವ್ವ ತುಟಿಯಲ್ಲಿ ಶಿವ ಶಿವ ಎಂದುಕೊಳ್ಳುತ್ತ, ಎರಡೂ ಕೈಯಲ್ಲಿ ಸ್ಟೀರಿಂಗ್ ಅಮುಕಿ ಹಿಡಿದು, ಎಮ್ಮೆ ಅಡ್ಡ ಬಂದರೆ ಹಾರ್ನ್ ಮರೆತು, "ಸರಕೊಳವ್ವ, ಸರಕೋ" ಎಂದು ಕಿಟಕಿಯಿಂದ ಬೇಡುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದ. "ಲೇ, ಅದು ನಿನ್ನ ಅತ್ತಿ ಏನ? ಹಾರ್ನ್ ಹೊಡಿ!" ಹಿಂದೆ ನಮಗೆ ನಗು ತಡೆಯಲಾಗುತ್ತಿರಲಿಲ್ಲ. ಕಲಿತಳು. ಲೈಸನ್ಸೂ ಬಂತು. ಆದರೆ ಅಪ್ಪ ಇರುವಾಗ ಅವಳು ಓಡಿಸಿದ್ದಿಲ್ಲ. ಯಜಮಾನನಿರುವಾಗ ಆ ಸೀಟಿನಲ್ಲಿ ಕೂರುವುದು ಅವಳಿಗೆ ಸರಿ ಕಾಣುತ್ತಿರಲಿಲ್ಲ.

ಆಮೇಲೆ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ನಿಂತವು. ಅಪ್ಪ ಮನೆಯಲ್ಲಿ ಕೂತ. ಇನ್ನು ಧೂಳಿಲ್ಲ, ಆರಾಮ ಎಂದುಕೊಂಡೆವು. ಅಪ್ಪನ ಕೆಮ್ಮು ಶುರುವಾದದ್ದೇ ಆಗ. ಅಲ್ಲ, ಕೆಮ್ಮು ಮೊದಲೇ ಇತ್ತು, ಲಾರಿಗಳ ಗದ್ದಲದಲ್ಲಿ ನಮಗೆ ಕೇಳಿಸಿರಲಿಲ್ಲ. ಮೊದಲು ಮೇಲಿನ ಕೋಣೆಗೆ ಹತ್ತುವುದು ಬಿಟ್ಟ. ಆಮೇಲೆ ಸಂತೆಗೆ ನಡೆದು ಹೋಗುವುದು ಬಿಟ್ಟ. ಆಮೇಲೆ ಒಂದು ಮಾತು ಪೂರ್ತಿ ಆಡಲು ನಡುವೆ ನಿಲ್ಲಬೇಕಾಯಿತು. ಕ್ಷಯ ಎಂದುಕೊಂಡು ಮಾತ್ರೆ ನುಂಗಿಸಿದರು, ಏನೂ ಆಗಲಿಲ್ಲ. ಕಡೆಗೆ ಬಳ್ಳಾರಿಗೆ ಹೋದೆವು.

ಅಲ್ಲಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಗಣಿಯಾಗ ಕೆಲಸ ಮಾಡಿರೇನ್ರಿ?" ಎಂದು ಕೇಳಿದರು. ಅಪ್ಪ ಆಗಲೂ ಬೆನ್ನು ನೆಟ್ಟಗೆ ಮಾಡಿ, "ಹೌದ್ರಿ, ಸೂಪರ್‌ವೈಜರ್" ಎಂದ.

"ಎದಿಯಾಗ ಧೂಳು ಕುಂತು ಕಲ್ಲಾಗೇತ್ರಿ. ಹೊಳ್ಳಿ ಸರಿ ಆಗೂದಲ್ಲ ಇದು. ಇದ್ದಷ್ಟು ಕಾಪಾಡ್ಕೋಬೇಕು. ಗಾಡಿ ಓಡಸಬ್ಯಾಡ್ರಿ, ಧೂಳಿಗೆ ಹೋಗಬ್ಯಾಡ್ರಿ."

ಅಪ್ಪ, ಅಂಗಡಿಯಲ್ಲಿ ಮೋಸಹೋದವನು ಕೇಳುವಂತೆ, "ದಿನಾ ಬೆಲ್ಲ ತಿಂತಿದ್ದೆನಲ್ರಿ ಸಾರ್" ಎಂದ.

"ಬೆಲ್ಲ ಹೊಟ್ಟಿಗೆ ಹೋಗ್ತೈತ್ರಿ" ಎಂದರು ಡಾಕ್ಟರು. "ಧೂಳು ಅಲ್ಲಿಗೆ ಹೋಗಂಗಿಲ್ಲ."

ಅವತ್ತು ಹೊರಗೆ ಬಂದು ಅಪ್ಪ ಕೀಲಿಯನ್ನು ಅವ್ವನ ಕೈಗೆ ಕೊಟ್ಟ. ಬಲಗಡೆಯ ಬಾಗಿಲು ದಾಟಿ, ಕಾರಿನ ಮುಂದಿನಿಂದ ಸುತ್ತಿಬಂದು ಎಡಗಡೆ ಕೂತ. ಅವ್ವ ಡ್ರೈವರ್ ಸೀಟಿನಲ್ಲಿ ಕೂತಳು. ಬಳ್ಳಾರಿಯಿಂದ ಹೊಸಪೇಟೆಯವರೆಗೆ ಅಷ್ಟು ದೊಡ್ಡ ರಸ್ತೆಯಲ್ಲಿ ಅವಳು ಓಡಿಸಿದ್ದು ಅದೇ ಮೊದಲು. ಆ ಹೊತ್ತಿಗೆ ಕೆಲವು ಗಣಿಗಳು ಮತ್ತೆ ಶುರುವಾಗಿ ಲಾರಿಗಳು ಬಂದಿದ್ದವು. ಒಂದೊಂದು ಲಾರಿ ಎದುರಾದಾಗಲೂ ಅವ್ವ "ಗಾಜು!" ಎಂದು ಕೂಗಿದಳು, ನಾವು ಮೂವರೂ ಏರಿಸಿದೆವು. ಅವಳ ಬದಿಯದು ಹಾಗೇ ಅರ್ಧಕ್ಕೆ ನಿಂತಿತ್ತು. ಮನೆಗೆ ಬಂದು ಇಳಿದಾಗ ಅವ್ವನ ಬಲಗೆನ್ನೆ, ಬಲಗಿವಿ, ಬಲಗಡೆಯ ಕೂದಲು ಕೆಂಪಾಗಿದ್ದವು. ಬಚ್ಚಲಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಳು. ಉಗುಳಿದ್ದನ್ನು ನೋಡುತ್ತ ನಿಂತಳು. ಮತ್ತೆ ಮುಕ್ಕಳಿಸಿದಳು, ಮತ್ತೆ ನೋಡಿದಳು. ಊಟಕ್ಕೆ ಕರೆದರೆ ಬರಲಿಲ್ಲ.

ಮರುದಿನ ಬೆಳಗ್ಗೆ ಅವಳೇ ಕಾರು ತೆಗೆದುಕೊಂಡು ಮೆಕ್ಯಾನಿಕ್ಕನ ಹತ್ತಿರ ಹೋದಳು. ನಾನೂ ಜೊತೆಗೆ ಹೋಗಿದ್ದೆ. ಅವನು ಬಾಗಿಲ ಒಳಗಿನ ಹಲಗೆ ಬಿಚ್ಚಿ, ಕೈ ಹಾಕಿ ತಡಕಿ, ಏನೋ ಒಂದು ಸಣ್ಣ ತುಂಡು ಹೊರತೆಗೆದು, ಬೇರೆಯದು ಹಾಕಿದ. ಗಾಜು ಸರಕ್ಕನೆ ಮೇಲಕ್ಕೆ ಹೋಯಿತು. ನಾವು ಚಹಾ ಕುಡಿದು ಮುಗಿಸುವುದರೊಳಗೆ ಕೆಲಸ ಮುಗಿದಿತ್ತು.

"ಇಷ್ಟ ಏನಪ್ಪಾ?" ಎಂದಳು ಅವ್ವ.

"ಇಷ್ಟ ರೀ ಅಮ್ಮಾರ. ದೊಡ್ಡ ಕೆಲಸ ಅಲ್ರಿ ಇದು."

ಅವ್ವ ಹಿಡಿಕೆ ತಿರುಗಿಸಿದಳು. ಗಾಜು ಏರಿತು. ಇಳಿಸಿದಳು. ಮತ್ತೆ ಏರಿಸಿದಳು. ಹಾಗೇ ಏರಿಸುತ್ತ ಇಳಿಸುತ್ತ ಅಳತೊಡಗಿದಳು. ಮೆಕ್ಯಾನಿಕ್ಕು ಗಾಬರಿಯಾಗಿ ನನ್ನ ಮುಖ ನೋಡಿದ. ಅದೊಂದು ಗಾಜು ನೆಟ್ಟಗಿದ್ದರೆ ಅಪ್ಪ ಉಳಿಯುತ್ತಿದ್ದ ಎಂದು ನಂಬುವಷ್ಟು ದಡ್ಡಿ ನಾನಲ್ಲ. ಗುಡ್ಡದ ಮೇಲೆ ಬೆಳಗಿನಿಂದ ಸಂಜೆಯತನಕ ನುಂಗಿದ ಧೂಳಿನ ಮುಂದೆ ಕಿಟಕಿಯ ಧೂಳು ಯಾವ ಲೆಕ್ಕ? ಅವ್ವನಿಗೂ ಅದು ಗೊತ್ತಿತ್ತು. ಆದರೆ ಗುಡ್ಡ ಅವಳ ಕೈಯಲ್ಲಿರಲಿಲ್ಲ, ಗಾಜು ಕೈಯಲ್ಲಿತ್ತು. ನನಗೆ ಸಿಟ್ಟು ಬರುವುದು ಅಪ್ಪನ ಮೇಲೆ. ನಮ್ಮ ಮೂರು ಗಾಜಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಟ್ಟು ತಿರುಗಿಸಿ ನೋಡುತ್ತಿದ್ದ ಮನುಷ್ಯ, ತನ್ನದನ್ನು ಒಂದು ಕಟ್ಟಿಗೆ ಚಕ್ಕೆಗೆ ಬಿಟ್ಟಿದ್ದ. ಮೊಣಕೈ ಇಡಲು ಜಾಗ ಬೇಕಂತೆ.

ಆ ವರ್ಷದ ಆಯುಧ ಪೂಜೆ ಶುಕ್ರವಾರ ಬಿತ್ತು. ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ, ಬಕೆಟ್ಟು, ಪೊರಕೆ ಹಿಡಿದು ಕಾರಿನ ನಾಲ್ಕೂ ಬಾಗಿಲು ತೆರೆದು ನಿಂತಿದ್ದಳು. ತಮ್ಮನಿಂದ ಸೀಟು ಬಿಚ್ಚಿಸಿ ಅಂಗಳಕ್ಕೆ ಹಾಕಿಸಿದ್ದಳು. ರಬ್ಬರ್ ಹಾಸು ಎತ್ತಿ ಒಳಗೆ ನೀರು ಸುರಿದಳು. ಅಪ್ಪ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದವನು ಕೈ ಎತ್ತಿದ.

"ಏಯ್... ಇವತ್ತು ಶುಕ್ರವಾರ ಐತಿ."

"ಗೊತ್ತೈತ್ರಿ."

"ಲಕ್ಷ್ಮಿನ... ಹೊರಗ ಹಾಕ್ತಿ ಏನು?"

ಅವ್ವ ಪೊರಕೆ ಹಿಡಿದೇ ತಿರುಗಿದಳು. ನನ್ನ ಅವ್ವ ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಲಕ್ಷ್ಮಿ ಆಗಿದ್ರ ನಿಮ್ಮ ಎದಿಯಾಗ ಕುಂತು ನಿಮ್ಮನ್ನ ತಿಂತಿದ್ಲೇನ್ರಿ? ಇಷ್ಟು ದಿನ ಹಣಿಗೆ ಹಚ್ಕೊಂಡ್ವಲ್ಲ, ಸಾಕು. ಹೋಗ್ಲಿ ಇಕಿ. ಹಬ್ಬದ ದಿನಾನ ಹೋಗ್ಲಿ."

ಕೆಂಪು ನೀರು ಅಂಗಳ ದಾಟಿ ಬೀದಿಯ ಗಟಾರಕ್ಕೆ ಹರಿಯಿತು. ಎದುರು ಮನೆಯವರು ರಂಗೋಲಿ ಹಾಕುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಎಷ್ಟು ಸುರಿದರೂ ಕೆಂಪು ಬರುತ್ತಲೇ ಇತ್ತು. ನೀರು ತಿಳಿಯಾಗುವ ಹೊತ್ತಿಗೆ ಬಿಸಿಲೇರಿತ್ತು. ಸಂಜೆ ಪೂಜೆಗೆ ಅಪ್ಪನನ್ನು ಕೈಹಿಡಿದು ಕಾರಿನ ಹತ್ತಿರ ಕರೆತಂದೆವು. ಅವನು ಅಭ್ಯಾಸದಂತೆ ಬಾನೆಟ್ಟಿನ ಮೇಲೆ ಹೆಬ್ಬೆರಳು ಎಳೆದ. ಬೆರಳಿಗೆ ಏನೂ ಹತ್ತಲಿಲ್ಲ. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವ್ವ ತಾನೇ ಮುಂದೆ ಬಂದು ಅವನ ಹಣೆಗೆ ವಿಭೂತಿ ಹಚ್ಚಿದಳು. ಅಪ್ಪ ಹಚ್ಚಿಸಿಕೊಂಡ, ಜಗಳ ಮಾಡಲಿಲ್ಲ.

ಚಳಿಗಾಲದಲ್ಲಿ ಮತ್ತೆ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಪ್ಪ ಮನೆಗೆ ಹೋಗುವ ಹಟ ಹಿಡಿದ. ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಳ್ಳಿ ಎಂದರು ಡಾಕ್ಟರು. ನನ್ನ ತಮ್ಮ ಬೈಕಿನಲ್ಲಿ ಮುಂದೆ ಹೋಗಿ ಸಿಲಿಂಡರ್ ತರಿಸಿ ಮನೆಯಲ್ಲಿ ಕಾಯುವುದು, ನಾನು, ಅವ್ವ ಅಪ್ಪನನ್ನು ಕರೆತರುವುದು ಎಂದಾಯಿತು. ಆಂಬುಲೆನ್ಸ್ ಎಂದರೆ ಅಪ್ಪ ತಲೆಯಾಡಿಸಿ ಬೇಡವೆಂದ. "ನಮ್ಮ... ಗಾಡ್ಯಾಗ."

ಮುಂದಿನ ಎಡಗಡೆಯ ಸೀಟಿನಲ್ಲಿ ಅವನನ್ನು ಕೂರಿಸಿ, ಜಾರದಂತೆ ಅವ್ವ ತನ್ನ ಹಳೆಯ ಸೀರೆಯಿಂದ ಸೀಟಿಗೆ ಸೇರಿಸಿ ಸಡಿಲಾಗಿ ಕಟ್ಟಿದಳು. ನಾನು ಅವನ ಹಿಂದೆ ಕೂತೆ. ಅಪ್ಪನಿಗೆ ಗಾಳಿ ಬೇಕಾಗಿತ್ತು. ಕಿಟಕಿ ಪೂರ್ತಿ ತೆರೆದು ಮುಖವನ್ನು ಅದರ ಕಡೆಗೆ ತಿರುಗಿಸಿ, ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದ. ಆದರೆ ಎದುರಿಗೆ ಲಾರಿಗಳು. ಅವ್ವ "ಗಾಜು!" ಎಂದ ಕೂಡಲೇ ನಾನು ಸೀಟಿನ ಸಂದಿನಿಂದ ಕೈ ತೂರಿಸಿ ಅಪ್ಪನ ಗಾಜು ಏರಿಸುತ್ತಿದ್ದೆ. ಏರಿಸಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು, ಇಳಿಸಿದರೆ ಧೂಳು. ಲಾರಿ ದಾಟಿದ ಕೂಡಲೇ ಇಳಿಸುತ್ತಿದ್ದೆ. ಒಮ್ಮೆ ನಾನು ಏರಿಸಲು ಹೋದಾಗ ಅಪ್ಪ ತನ್ನ ಕೈಯನ್ನು ಹಿಡಿಕೆಯ ಮೇಲೆ ಇಟ್ಟ. ತಿರುಗಿಸುವ ಶಕ್ತಿ ಇರಲಿಲ್ಲ. ನನ್ನ ಕೈ ಅವನ ಕೈಯ ಮೇಲೆ ಇಟ್ಟು ಇಬ್ಬರೂ ತಿರುಗಿಸಿದೆವು. "ನಾ... ಗೆದ್ದೆ" ಎಂದ ಅಪ್ಪ. ಅವನು ಆಡಿದ ಕಡೆಯ ಮಾತು ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ತೋರಣಗಲ್ಲು ದಾಟಿದ ಮೇಲೆ ಅವ್ವ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಅಪ್ಪನ ಕಡೆ ಬಾಗಿ, ತಲೆಯನ್ನು ಸೀಟಿಗೆ ಸರಿಯಾಗಿ ಒರಗಿಸಿ, ಶಾಲನ್ನು ಗದ್ದದವರೆಗೆ ಎಳೆದಳು. ಸ್ವಲ್ಪ ಹೊತ್ತು ಹಾಗೇ ಬಾಗಿದ್ದಳು. ಆಮೇಲೆ ನನ್ನ ಕಡೆ ತಿರುಗದೆ, "ನೀ ಕೈ ತಗಿ. ನಿದ್ದಿ ಹತ್ತೇತಿ ಅವ್ರಿಗೆ. ಇನ್ನ ನಾ ನೋಡ್ಕೊಂತೀನಿ, ನೀ ಹಿಂದ ಒರಗು" ಎಂದಳು. ಆಸ್ಪತ್ರೆಯಲ್ಲಿ ಕೂತು ಕೂತು ನನಗೂ ದಣಿವಾಗಿತ್ತು. ಒರಗಿದೆ.

ಅಲ್ಲಿಂದ ಮುಂದೆ ಅವ್ವ "ಗಾಜು" ಎನ್ನಲಿಲ್ಲ. ಎದುರಿಗೆ ಲಾರಿಗಳ ಸಾಲು ಕಂಡರೆ ತಾನೇ ಕಾರು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಅಪ್ಪನ ಎದೆಯ ಮೇಲಿಂದ ಬಾಗಿ ಗಾಜು ಏರಿಸುತ್ತಿದ್ದಳು. ಧೂಳು ಹೋದಮೇಲೆ ಮತ್ತೆ ಇಳಿಸಿ ಹೊರಡುತ್ತಿದ್ದಳು. ಹಿಂದಿನ ವಾಹನಗಳು ಹಾರ್ನ್ ಹೊಡೆದು ಬೈದು ಹೋದವು. "ಗಾದಿಗನೂರು ಬಂತು ನೋಡ್ರಿ" ಎಂದಳು ಒಮ್ಮೆ, ಎಂದಿನ ದನಿಯಲ್ಲೇ. ಇಷ್ಟೊಂದು ನಿಧಾನವಾದರೆ ಮನೆ ಮುಟ್ಟುವುದು ಯಾವಾಗ ಎಂದು ನನಗೆ ಒಳಗೊಳಗೇ ರೇಗುತ್ತಿತ್ತು.

ಹೊಸಪೇಟೆ ಮುಟ್ಟಿದಾಗ ಮಧ್ಯಾಹ್ನ. ನನ್ನ ತಮ್ಮ ಬಾಗಿಲಲ್ಲೇ ಸಿಲಿಂಡರ್ ನಿಲ್ಲಿಸಿಕೊಂಡು, ಅದರ ಪಕ್ಕ ತಾನೂ ನಿಂತಿದ್ದ. ಅವ್ವ ಇಂಜಿನ್ ಆರಿಸಿದಳು. ಇಳಿಯಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು.

"ಸಿಲಿಂಡರ್ ಒಳಗ ಇಡಪ್ಪ" ಎಂದಳು. "ಬ್ಯಾಡ ಇನ್ನ ಅದು."

ನಮಗೆ ತಿಳಿದದ್ದು ಹೀಗೆ. ಆಮೇಲೆ, ಮನೆ ತುಂಬ ಜನ ಸೇರಿದ ಮೇಲೆ, ಅವಳ ಪಕ್ಕ ಕೂತು ಕೇಳಿದೆ. "ಯಾವಾಗವ್ವ?"

"ತೋರಣಗಲ್ ದಾಟಿದ ಕೂಡ್ಲೆ."

"ಯಾಕ ಹೇಳಲಿಲ್ಲ?"

"ನೀ ಅತ್ತಿದ್ರ ನಾ ಗಾಡಿ ಓಡಸಾಕ ಆಗ್ತಿರಲಿಲ್ಲವ್ವ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಹೂಳುತ್ತಾರೆ. ಅಪ್ಪ ಕಾರಿನಲ್ಲಿ ಕೂತೇ ಬಂದಿದ್ದ, ಕೂತೇ ಕುಣಿಗೆ ಇಳಿದ. ಅಗೆದ ಮಣ್ಣು ಪಕ್ಕದಲ್ಲಿ ರಾಶಿಯಾಗಿ ಬಿದ್ದಿತ್ತು. ನಮ್ಮ ಕಡೆಯ ಮಣ್ಣು, ಕೆಂಪಲ್ಲದೆ ಇನ್ನು ಯಾವ ಬಣ್ಣ ಇರುತ್ತದೆ? ಹೆಂಗಸರೆಲ್ಲ ಒಂದು ಕಡೆ ನಿಂತಿದ್ದೆವು. ವಿಭೂತಿ, ಬಿಲ್ವಪತ್ರೆ ಹಾಕಿ ಮುಗಿದ ಮೇಲೆ ಸ್ವಾಮಿಗಳು ತಮ್ಮನಿಗೆ ಸನ್ನೆ ಮಾಡಿದರು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಪ್ಪನ ಮುಖದ ನೇರಕ್ಕೆ ಕೈ ಚಾಚಿದ.

"ಗಾಜು" ಎಂದಳು ಅವ್ವ.

ಕೂಗಿ ಹೇಳಲಿಲ್ಲ. ಬಾಯಿಂದ ತಾನಾಗಿ ಬಂದುಬಿಟ್ಟಿತು. ನನ್ನ ಕೈ ಎದ್ದಿತು. ತಮ್ಮನ ಮುಷ್ಟಿ ಗಾಳಿಯಲ್ಲೇ ನಿಂತಿತು. ಅವನು ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದ, ಹಿಂದಿನ ಸೀಟಿನಲ್ಲಿ ಯಾರು ಗೆದ್ದರೆಂದು ನನ್ನ ಕಡೆ ನೋಡುತ್ತಿದ್ದಂತೆಯೇ. ಏನಂದಳು, ಏನಂದಳು ಎಂದು ಸುತ್ತಲಿನವರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸ್ವಾಮಿಗಳು ಮತ್ತೊಮ್ಮೆ, "ಹಾಕಪ್ಪ, ಹೊತ್ತಾಗ್ತೈತಿ" ಎಂದರು.

ತಮ್ಮ ಮಣ್ಣು ಹಾಕಿದ.